ಗೇಟಿನಿಂದ ಖಾತೆಯವರೆಗೆ: ಕೊಡಗಿನ ಸಂಸ್ಥೆಗಳು ಕಾರ್ಯಪ್ರಕ್ರಿಯೆ ನಿರ್ವಹಣೆಯನ್ನು ಅಳವಡಿಸಿಕೊಳ್ಳುವ ಬಗೆ

ಫೆಬ್ರವರಿಯಲ್ಲಿ ರೋಬಸ್ಟಾ ಕಾಫಿಯ ಚೆರಿ, ಅಂದರೆ ಸಿಪ್ಪೆ ಸಮೇತದ ಹಣ್ಣು, ಕಣದಲ್ಲಿ ಒಣಗಿ ಚೀಲಕ್ಕೆ ಸೇರುವ ಹೊತ್ತಿಗೆ ಕೊಡಗಿನ ಬಹಳಷ್ಟು ಕಾಫಿ ಖರೀದಿ ಕೇಂದ್ರಗಳ ಕೌಂಟರಿನಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತದೆ: 'ನನ್ನ ಬಿಲ್ಲು ಎಲ್ಲಿಗೆ ಬಂತು?' ತೂಕದ ಗುಮಾಸ್ತರಿಗೆ ತೂಕ ಮುಗಿದದ್ದು ಗೊತ್ತು, ಔಟ್‌ಟರ್ನ್ (ಚೆರಿಯ ಸಿಪ್ಪೆ ಬಿಡಿಸಿದಾಗ ಸಿಗುವ ಕಾಳಿನ ಪ್ರಮಾಣ) ನೋಡುವವರಿಗೆ ಮಾದರಿ ಪರೀಕ್ಷಿಸಿ ಚೀಟಿ ಕಳುಹಿಸಿದ್ದು ಗೊತ್ತು, ಲೆಕ್ಕಿಗರಿಗೆ ತಮ್ಮ ಮೇಜಿನ ಮೇಲಿರುವ ಕಾಗದಗಳಷ್ಟೇ ಗೊತ್ತು. ಎಲ್ಲರೂ ತಂತಮ್ಮ ಕೆಲಸವನ್ನು ನೆಟ್ಟಗೆ ಮಾಡಿದ್ದರೂ ಬೆಳೆಗಾರರ ಆ ಪ್ರಶ್ನೆಗೆ ಉತ್ತರ ಹೇಳಬಲ್ಲವರು ಒಬ್ಬರೂ ಇರುವುದಿಲ್ಲ. ಕೊನೆಗೆ ಯಾರೋ ಒಬ್ಬರು ಕುರ್ಚಿಯಿಂದ ಎದ್ದು, ಮೂರು ಕೋಣೆ ಸುತ್ತಿ, ಬಿಲ್ಲು ಸಹಿಗೆ ಕಾದಿರುವ ಕಡತದೊಳಗೆ ಇದೆ ಎಂದು ಬಂದು ಹೇಳುತ್ತಾರೆ.

ಆ ಬಿಲ್ಲು ಗೇಟಿನಲ್ಲಿ ಹುಟ್ಟಿ ಸದಸ್ಯರ ಬ್ಯಾಂಕ್ ಖಾತೆಯಲ್ಲಿ ಮುಗಿಯುವವರೆಗಿನ ದಾರಿಯನ್ನು ಒಂದೇ ಕೆಲಸವೆಂದು ಎಣಿಸಿ, ಅದನ್ನು ಬರೆದು, ಅಳೆದು, ತಿದ್ದಿ, ಮತ್ತೆ ಅಳೆಯುವ ಶಿಸ್ತಿಗೆ ಕಾರ್ಯಪ್ರಕ್ರಿಯೆ ನಿರ್ವಹಣೆ ಎಂದು ಹೆಸರು. ಉದ್ಯಮ ವಲಯದಲ್ಲಿ ಇದನ್ನು ಬಿಪಿಎಂ ಎಂದು ಕರೆಯುತ್ತಾರೆ. ಬಿಪಿಎಂ ಎಂದೊಡನೆ ಮಾರಾಟ ಪ್ರತಿನಿಧಿಯೊಬ್ಬರು ಲ್ಯಾಪ್‌ಟಾಪ್ ತೆರೆದು ತಂತ್ರಾಂಶ ತೋರಿಸಲು ಕುಳಿತುಕೊಳ್ಳುವುದು ನಮ್ಮ ಕಾಲದ ವಾಡಿಕೆಯಾಗಿದೆ. ಈ ಬರಹದಲ್ಲಿ ತಂತ್ರಾಂಶದ ಮಾತು ಬಹಳ ಹಿಂದೆ ಬರುತ್ತದೆ, ಅದು ಬರಬೇಕಾದ ಜಾಗವೂ ಅದೇ.

ಈ ವಿಚಾರ ಹೊಸದಲ್ಲ. ಫ್ರೆಡರಿಕ್ ಟೇಲರ್ 1911ರಲ್ಲಿಯೇ ಕೆಲಸವನ್ನು ಬಿಡಿಸಿ ಅಳೆಯುವ ವಾದವನ್ನು ಮುಂದಿಟ್ಟಿದ್ದರು; ಫ್ರಾಂಕ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿ 1921ರಲ್ಲಿ ಕೆಲಸದ ಹರಿವನ್ನು ಚಿತ್ರವಾಗಿ ಬರೆಯುವ ಪದ್ಧತಿಯನ್ನು ಅಮೆರಿಕದ ಎಂಜಿನಿಯರುಗಳ ಮುಂದೆ ಮಂಡಿಸಿದರು. 1990ರಲ್ಲಿ ಮೈಕಲ್ ಹ್ಯಾಮರ್ ಇನ್ನೂ ಖಾರವಾಗಿ, ವಕ್ರವಾದ ಹಳೆಯ ದಾರಿಗೆ ಕಂಪ್ಯೂಟರ್ ಜೋಡಿಸುವ ಬದಲು ಆ ದಾರಿಯನ್ನೇ ಅಳಿಸಿಹಾಕಬೇಕೆಂದು ಬರೆದರು. ನಮ್ಮ ರಾಜ್ಯದವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಸಕಾಲ. 2011ರ ಕಾಯ್ದೆಯಂತೆ 2012ರಲ್ಲಿ ಜಾರಿಗೆ ಬಂದ ಆ ವ್ಯವಸ್ಥೆಯಲ್ಲಿ ಅರ್ಜಿಗೆ 15 ಅಂಕಿಗಳ ಒಂದು ಸಂಖ್ಯೆ ಇದೆ, ಸೇವೆಗೆ ಇಂತಿಷ್ಟು ದಿನವೆಂಬ ಗಡುವಿದೆ, ಹೊಣೆ ಹೊತ್ತ ಅಧಿಕಾರಿ ಯಾರೆಂಬುದು ಗೊತ್ತಿದೆ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವಿದೆ. ಪರಿಹಾರದ ಮೊತ್ತವನ್ನು ಬದಿಗಿಟ್ಟು ನೋಡಿದರೂ ಆರಂಭ, ಅಂತ್ಯ, ಗಡುವು, ಹೊಣೆಗಾರ ಎಂಬ ನಾಲ್ಕು ಅಂಶಗಳು ಅಲ್ಲಿ ಸ್ಪಷ್ಟವಾಗಿವೆ. ಖಾಸಗಿ ಸಂಸ್ಥೆಯಾಗಲಿ ಸಹಕಾರ ಸಂಘವಾಗಲಿ, ಮೊದಲು ಸಾಧಿಸಬೇಕಾದದ್ದು ಈ ನಾಲ್ಕನ್ನು.

ಕೆಳಗಿನ ಹೆಜ್ಜೆಗಳನ್ನು ಕಾಫಿ ಖರೀದಿಸುವ ಒಂದು ಸಹಕಾರ ಸಂಘವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಹೋಂಸ್ಟೇ, ಆಸ್ಪತ್ರೆ, ಕಾಫಿಯ ಸಿಪ್ಪೆ ಬಿಡಿಸಿ ವಿಂಗಡಿಸುವ ಕ್ಯೂರಿಂಗ್ ಘಟಕಗಳಿಗೂ ಕ್ರಮ ಇದೇ ಆಗಿರುತ್ತದೆ, ವಿವರಗಳು ಮಾತ್ರ ಬೇರೆ.

ಮೊದಲ ಹೆಜ್ಜೆ: ಒಂದೇ ಒಂದು ಪ್ರಕ್ರಿಯೆಯನ್ನು ಆರಿಸಿಕೊಳ್ಳುವುದು

ಸಂಸ್ಥೆಯ ಎಲ್ಲ ಕೆಲಸಗಳನ್ನೂ ಒಟ್ಟಿಗೆ ತಿದ್ದಲು ಹೊರಟವರು ಸಾಮಾನ್ಯವಾಗಿ ಒಂದು ದಪ್ಪ ಕೈಪಿಡಿಯನ್ನು ಅಚ್ಚು ಹಾಕಿಸಿ ಅಲ್ಲಿಗೇ ನಿಲ್ಲುತ್ತಾರೆ. ಮೊದಲ ವರ್ಷ ಒಂದನ್ನೇ ಹಿಡಿಯಿರಿ. ಪದೇಪದೇ ನಡೆಯುವ, ಸದಸ್ಯರ ದೂರು ಇರುವ, ಹಣ ಸಿಲುಕಿಕೊಳ್ಳುವ, ಎಲ್ಲಕ್ಕಿಂತ ಮಿಗಿಲಾಗಿ ನಿಮ್ಮ ಕೈಯಳತೆಯಲ್ಲಿರುವ ಕೆಲಸವೇ ಮೊದಲ ಆಯ್ಕೆಯಾಗಬೇಕು.

ಕೊನೆಯ ಅಂಶವನ್ನು ಹಗುರವಾಗಿ ಕಾಣಬಾರದು. ಬೆಳೆ ಸಾಲ ಮಂಜೂರಾತಿಯಲ್ಲಿ ತಡವಿದೆ ಎಂಬ ದೂರು ಬಹುತೇಕ ಸಂಘಗಳಲ್ಲಿ ಇರುತ್ತದೆ. ಆದರೆ ಆ ದಾರಿಯ ಅರ್ಧ ಭಾಗ ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕಿನಲ್ಲಿಯೂ ಕಂದಾಯ ಕಚೇರಿಯಲ್ಲಿಯೂ ಇದೆ. ಅದರ ಮೇಲೆ ಕೊಡಗಿನ ವಂಶಪಾರಂಪರ್ಯ ಹಿಡುವಳಿಯಾದ ಜಮ್ಮಾ ಜಾಗದ ಪಹಣಿಯಲ್ಲಿ ಪಟ್ಟೆದಾರರ (ಕುಟುಂಬದ ಮುಖ್ಯಸ್ಥರ) ಜೊತೆಗೆ ಕುಟುಂಬದ ಹಲವರ ಹೆಸರುಗಳು ಇರುವುದರಿಂದ ದಾಖಲೆ ಹೊಂದಿಸಲು ಹಿಡಿಯುವ ಸಮಯವನ್ನು ಸಂಘದ ಯಾವ ಸುಧಾರಣೆಯೂ ತಗ್ಗಿಸಲಾರದು. ಅಲ್ಲಿಂದ ಆರಂಭಿಸಿದರೆ ಮೊದಲ ವರ್ಷವೇ ಉತ್ಸಾಹ ಉಡುಗುತ್ತದೆ. ಕಾಫಿ ಖರೀದಿಯ ಬಿಲ್ಲಾದರೆ ಗೇಟಿನಿಂದ ಸಹಿಯವರೆಗೆ ನಿಮ್ಮ ಕಾಂಪೌಂಡಿನೊಳಗೇ ಓಡಾಡುತ್ತದೆ.

ಆರಿಸಿದ ಮೇಲೆ ಅದಕ್ಕೆ ಎರಡು ತುದಿಗಳನ್ನು ಬರೆದಿಡಿ. 'ಸದಸ್ಯರ ವಾಹನ ಗೇಟಿನೊಳಗೆ ಬಂದ ಕ್ಷಣದಿಂದ, ಹಣ ಅವರ ಖಾತೆಗೆ ಜಮೆಯಾದ ಕ್ಷಣದವರೆಗೆ' ಎಂಬಷ್ಟು ಖಚಿತವಾಗಿರಲಿ. ಅಂತ್ಯವನ್ನು ಸಂಘದ ಕಣ್ಣಿನಿಂದ ನೋಡಿದರೆ ಬಿಲ್ಲಿಗೆ ಸಹಿ ಬಿದ್ದಾಗ ಕೆಲಸ ಮುಗಿದಂತೆ ಕಾಣುತ್ತದೆ. ಬೆಳೆಗಾರರಿಗೆ ಮಾತ್ರ ಮೊಬೈಲಿಗೆ ಸಂದೇಶ ಬರುವ ತನಕ ಏನೂ ಮುಗಿದಿರುವುದಿಲ್ಲ. ಅವರ ಕಣ್ಣಿನ ಅಂತ್ಯವನ್ನೇ ಬರೆಯಿರಿ.

ಎರಡನೆಯ ಹೆಜ್ಜೆ: ಪ್ರಕ್ರಿಯೆಗೊಬ್ಬ ಹೊಣೆಗಾರ

ಇಡೀ ದಾರಿಗೆ ಒಬ್ಬರೇ ಹೊಣೆಗಾರರಿರಬೇಕು. ಸಮಿತಿ ಬೇಡ. ಅವರು ಹಿರಿಯ ಅಧಿಕಾರಿಯೇ ಆಗಬೇಕೆಂದಿಲ್ಲ. ಆದರೆ ಎಲ್ಲ ವಿಭಾಗಗಳಿಗೂ ಹೋಗಿ ಕೇಳುವ ಅಧಿಕಾರವನ್ನು ಆಡಳಿತ ಮಂಡಳಿಯು ಠರಾವಿನ ಮೂಲಕವೇ ಅವರಿಗೆ ಕೊಡಬೇಕು. ಬಾಯಿಮಾತಿನ ಅಧಿಕಾರವು ಮೊದಲ ಜಟಾಪಟಿಯಲ್ಲೇ ಕರಗಿಹೋಗುತ್ತದೆ.

ಮೂರನೆಯ ಹೆಜ್ಜೆ: ಈಗ ನಡೆಯುತ್ತಿರುವುದನ್ನು ನಡೆಯುತ್ತಿರುವಂತೆಯೇ ನೋಡುವುದು

ಈ ಹೆಜ್ಜೆಗೆ ಬೇಕಾದಷ್ಟು ಸಮಯ ಕೊಡಿ, ಏಕೆಂದರೆ ಇಲ್ಲಿ ಆದ ತಪ್ಪು ಮುಂದಿನ ಎಲ್ಲ ಹೆಜ್ಜೆಗಳಲ್ಲಿಯೂ ದೊಡ್ಡದಾಗುತ್ತಾ ಹೋಗುತ್ತದೆ. ನಾನು ಮೊದಲ ಬಾರಿಗೆ ಒಂದು ಸಂಘದ ಖರೀದಿ ಪ್ರಕ್ರಿಯೆಯನ್ನು ಬರೆದಾಗ ಕಾರ್ಯದರ್ಶಿಯವರ ಕೋಣೆಯಲ್ಲಿ ಕುಳಿತು, ಅವರು ಹೇಳಿದ್ದನ್ನು ಅಚ್ಚುಕಟ್ಟಾಗಿ ಚಿತ್ರಿಸಿಕೊಂಡು ಬಂದಿದ್ದೆ. ಅದರಂತೆ ತೂಕವಾದ ಕೂಡಲೇ ಕಂಪ್ಯೂಟರಿನಿಂದ ಚೀಟಿ ಹೊರಬರುತ್ತಿತ್ತು. ವಾರದ ಬಳಿಕ ವೇಬ್ರಿಡ್ಜಿನ ಬಳಿ ಅರ್ಧ ದಿನ ನಿಂತಾಗ ಕಂಡದ್ದೇ ಬೇರೆ. ಕರೆಂಟು ಯಾವಾಗ ಕೈಕೊಡುತ್ತದೆ ಎಂದು ಹೇಳಲಾಗದ್ದರಿಂದ ಗುಮಾಸ್ತರು ಎಲ್ಲ ತೂಕವನ್ನೂ ಮೊದಲು ತಮ್ಮದೊಂದು ನೋಟುಪುಸ್ತಕದಲ್ಲಿ ಬರೆದುಕೊಂಡು, ಸಂಜೆ ಐದರ ಮೇಲೆ ಒಟ್ಟಾಗಿ ಕಂಪ್ಯೂಟರಿಗೆ ಏರಿಸುತ್ತಿದ್ದರು. ಆ ಪುಸ್ತಕದ ವಿಷಯ ಕಾರ್ಯದರ್ಶಿಯವರಿಗೂ ತಿಳಿದಿರಲಿಲ್ಲ. ಸಂಘದ ನಿಜವಾದ ವ್ಯವಸ್ಥೆ ಇದ್ದದ್ದು ಆ ಪುಸ್ತಕದಲ್ಲಿಯೇ, ನನ್ನ ಚಿತ್ರದಲ್ಲಿ ಅದರ ಸುಳಿವೂ ಇರಲಿಲ್ಲ.

ಆದ್ದರಿಂದ ಕೆಲಸ ನಡೆಯುವ ಜಾಗಕ್ಕೆ ಹೋಗಿ, ಒಂದು ಲಾಟಿನ (ಒಬ್ಬ ಸದಸ್ಯರು ಒಮ್ಮೆಗೆ ತಂದ ಸರಕಿನ) ಹಿಂದೆ ನಡೆಯಿರಿ. ಪಿಕಪ್ ಒಳಬಂದಾಗ ಗಡಿಯಾರ ನೋಡಿ ಬರೆದುಕೊಳ್ಳಿ. ತೂಕ, ತೇವಾಂಶ ಪರೀಕ್ಷೆ, ಹಮಾಲಿಗಳು ಚೀಲ ಇಳಿಸುವುದು, ಮಾದರಿ ತೆಗೆಯುವುದು, ಅದನ್ನು ಸಿಪ್ಪೆ ಬಿಡಿಸಿ ಔಟ್‌ಟರ್ನ್ ನೋಡುವುದು, ದರ ಹಾಕುವುದು, ಸಾಲದ ಬಾಕಿ ಇದ್ದರೆ ಮುರಿದುಕೊಳ್ಳುವುದು, ಬಿಲ್ಲು, ಪರಿಶೀಲನೆ, ಸಹಿ, ಬ್ಯಾಂಕಿಗೆ ಕಳುಹಿಸುವುದು ಎಂಬ ಒಂದೊಂದಕ್ಕೂ ಆರಂಭದ ವೇಳೆ ಮತ್ತು ಮುಗಿದ ವೇಳೆಯನ್ನು ಗುರುತಿಸಿ. ಇದಕ್ಕೆ ಬಿಲ್ಲಿನ ಜೊತೆಗೇ ಪಿನ್ನು ಹಾಕಿದ ಒಂದು ಉದ್ದನೆಯ ಚೀಟಿ ಸಾಕು. ಮುಟ್ಟಿದವರೆಲ್ಲ ವೇಳೆ ಬರೆದು ಮುಂದಕ್ಕೆ ಕೊಡುತ್ತಾರೆ. ಮೂವತ್ತು ಲಾಟುಗಳನ್ನು ಹೀಗೆ ಹಿಂಬಾಲಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ, ಅದರಲ್ಲಿ ಸಣ್ಣ ಬೆಳೆಗಾರರ ನಾಲ್ಕು ಚೀಲದ ಲಾಟುಗಳೂ ಇರುವಂತೆ ನೋಡಿಕೊಳ್ಳಿ.

ಕೇಳುವ ರೀತಿಯೂ ಮುಖ್ಯ. ಕಚೇರಿಯ ಕಾಗದಗಳೆಲ್ಲ ಕನ್ನಡದಲ್ಲಿದ್ದರೂ ಕೆಲಸದ ಮಾತು ಕೊಡವ ತಕ್ಕ್‌ನಲ್ಲಿಯೋ ಅರೆಭಾಷೆಯಲ್ಲಿಯೋ ಮಲಯಾಳದಲ್ಲಿಯೋ ನಡೆಯುತ್ತಿರುತ್ತದೆ. ಅವರವರ ಮಾತಿನಲ್ಲಿ ಕೇಳಿದಾಗ 'ಸಾಮಾನ್ಯವಾಗಿ ಹೀಗೆ' ಎಂಬ ಉತ್ತರದ ಹಿಂದಿರುವ 'ಆದರೆ ಮೊನ್ನೆ ಹೀಗಾಯಿತು' ಎಂಬುದೂ ಹೊರಬರುತ್ತದೆ. 'ಯಾರು ತಪ್ಪು ಮಾಡುತ್ತಾರೆ' ಎಂದು ಎಂದಿಗೂ ಕೇಳಬೇಡಿ. 'ನೀವು ಕೆಲಸ ನಿಲ್ಲಿಸಿ ಏನಕ್ಕಾಗಿ ಕಾಯುತ್ತೀರಿ' ಎಂದು ಕೇಳಿ.

ನಾಲ್ಕನೆಯ ಹೆಜ್ಜೆ: ಚಿತ್ರ ಬರೆಯುವುದು

ಪ್ರಕ್ರಿಯೆಯನ್ನು ಚಿತ್ರಿಸಲು ಬಿಪಿಎಂಎನ್ ಎಂಬ ಸಂಕೇತ ಪದ್ಧತಿ ಇದೆ. 2004ರಲ್ಲಿ ಮೊದಲು ಹೊರಬಂದ ಇದರ ಎರಡನೆಯ ಆವೃತ್ತಿ 2011ರಲ್ಲಿ ಪ್ರಕಟವಾಯಿತು, 2013ರಲ್ಲಿ ಐಎಸ್‌ಒ ಮಾನಕವೂ ಆಯಿತು. ಅದರ ಸಂಕೇತಗಳ ಪೂರ್ಣ ಪಟ್ಟಿ ಉದ್ದವಾಗಿದ್ದು, ನಮಗೆ ಬೇಕಾದವು ನಾಲ್ಕೈದು ಮಾತ್ರ. ತೆಳುಗೆರೆಯ ವೃತ್ತವೆಂದರೆ ಆರಂಭ, ದಪ್ಪಗೆರೆಯ ವೃತ್ತವೆಂದರೆ ಅಂತ್ಯ. ಮೂಲೆ ದುಂಡಾದ ಆಯತವು ಒಂದು ಕೆಲಸ. ವಜ್ರಾಕೃತಿಯು ದಾರಿ ಕವಲೊಡೆಯುವ ಜಾಗ: ಒಳಗೆ ಗುಣಾಕಾರ ಚಿಹ್ನೆ ಇದ್ದರೆ ಕವಲುಗಳಲ್ಲಿ ಒಂದನ್ನು ಮಾತ್ರ ಹಿಡಿಯಬೇಕು, ಕೂಡಿಸುವ ಚಿಹ್ನೆ ಇದ್ದರೆ ಎಲ್ಲವೂ ಏಕಕಾಲಕ್ಕೆ ನಡೆಯಬೇಕು. ಇವನ್ನು ಬಾಣದ ಗುರುತುಗಳು ಜೋಡಿಸುತ್ತವೆ. ಅಡ್ಡಗೆರೆ ಎಳೆದು ಗೇಟು, ತೂಕ, ಪರೀಕ್ಷೆ, ಲೆಕ್ಕ, ಕಾರ್ಯದರ್ಶಿ ಎಂದು ಪಟ್ಟಿಗಳನ್ನು ಮಾಡಿ, ಯಾರ ಕೆಲಸವೋ ಅವರ ಪಟ್ಟಿಯೊಳಗೆ ಆಯತವನ್ನು ಬರೆಯಿರಿ. ಬಾಣವು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟುವ ಪ್ರತಿಯೊಂದು ಜಾಗವೂ ಕಾಯುವಿಕೆ ಹುಟ್ಟುವ ಜಾಗ. ಅಲ್ಲಿಗೆ ಕೆಂಪು ಪೆನ್ಸಿಲ್ ಹಾಕಿ.

ಕ್ಯಾಲೆಂಡರಿನ ಹಿಂಬದಿ, ಅಂಟುವ ಚೀಟಿಗಳು, ಒಂದು ಗೋಡೆ ಇದ್ದರೆ ಆರಂಭಕ್ಕೆ ಸಾಕು. ಕಂಪ್ಯೂಟರಿನಲ್ಲೇ ಬರೆಯಬೇಕೆನ್ನುವವರಿಗೆ ಡ್ರಾ ಡಾಟ್ ಐಒ, ಬಿಪಿಎಂಎನ್ ಡಾಟ್ ಐಒಗಳಂತಹ ಉಚಿತ ಸಾಧನಗಳಿವೆ. ಆದರೆ ಗೋಡೆಯ ಮೇಲಿನ ಚಿತ್ರದ ಮುಂದೆ ಹಮಾಲಿ ಮೇಸ್ತ್ರಿಯೂ ಬಂದು ನಿಂತು 'ಇದು ಇಲ್ಲಿಲ್ಲ ಸ್ವಾಮಿ, ಇದಕ್ಕೆ ಮೊದಲು ನಾವು ಚೀಲ ಎಣಿಸುತ್ತೇವೆ' ಎಂದು ಹೇಳಬಲ್ಲರು. ಲ್ಯಾಪ್‌ಟಾಪಿನ ಮುಂದೆ ಹಾಗೆ ಹೇಳುವವರು ಕಡಿಮೆ.

ಐದನೆಯ ಹೆಜ್ಜೆ: ಅಳೆಯುವುದು

ಅಳತೆಯಲ್ಲಿ ಮೂರನ್ನು ಹಿಡಿದರೆ ಸಾಕು: ಒಟ್ಟು ಹಿಡಿದ ಸಮಯ, ಅದರಲ್ಲಿ ಕೈಕೆಲಸದ ಸಮಯ, ಮತ್ತು ಮೊದಲ ಸಲವೇ ತಿದ್ದುಪಡಿಯಿಲ್ಲದೆ ದಾಟಿದ ಬಿಲ್ಲುಗಳ ಪ್ರಮಾಣ. ಗೇಟಿನಲ್ಲಿ ಹತ್ತು, ಪರೀಕ್ಷೆಯಲ್ಲಿ ಇಪ್ಪತ್ತೈದು, ಬಿಲ್ಲಿಗೆ ಹತ್ತು, ಪರಿಶೀಲನೆಗೆ ಐದು ನಿಮಿಷದಂತೆ ಒಂದು ಬಿಲ್ಲಿಗೆ ಒಟ್ಟು 50 ನಿಮಿಷದ ಕೈಕೆಲಸ ಬೇಕು, ಹಣ ಸೇರುವುದು ಆರು ಕೆಲಸದ ದಿನಗಳ ಬಳಿಕ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ದಿನಕ್ಕೆ ಎಂಟು ಗಂಟೆಯಂತೆ ಆರು ದಿನವೆಂದರೆ 2,880 ನಿಮಿಷ; ಅದರಲ್ಲಿ ಕೆಲಸ ನಡೆದದ್ದು ಶೇಕಡಾ ಎರಡಕ್ಕಿಂತ ಕಡಿಮೆ. ಉಳಿದದ್ದೆಲ್ಲ ಕಾಯುವಿಕೆ. ಈ ಲೆಕ್ಕವನ್ನು ಆಡಳಿತ ಮಂಡಳಿಯ ಮುಂದೆ ಇಟ್ಟರೆ 'ಸಿಬ್ಬಂದಿ ಚುರುಕಾಗಬೇಕು' ಎಂಬ ಎಂದಿನ ಮಾತು ತಾನಾಗಿ ನಿಲ್ಲುತ್ತದೆ, ಏಕೆಂದರೆ ಸಿಬ್ಬಂದಿ ಇಮ್ಮಡಿ ವೇಗದಲ್ಲಿ ದುಡಿದರೂ ಉಳಿಯುವುದು 25 ನಿಮಿಷವಷ್ಟೇ.

ಇನ್ನೊಂದು ಸರಳ ಸೂತ್ರ ಬಹಳ ಉಪಕಾರಿ. 1961ರಲ್ಲಿ ಜಾನ್ ಲಿಟಲ್ ಸಾಧಿಸಿ ತೋರಿಸಿದ ನಿಯಮದಂತೆ, ಹರಿವು ಸಮಸ್ಥಿತಿಯಲ್ಲಿದ್ದರೆ ಸಾಲಿನಲ್ಲಿರುವ ಬಿಲ್ಲುಗಳ ಸಂಖ್ಯೆಯನ್ನು ದಿನಕ್ಕೆ ಮುಗಿಯುವ ಬಿಲ್ಲುಗಳ ಸಂಖ್ಯೆಯಿಂದ ಭಾಗಿಸಿದಾಗ ಒಂದು ಬಿಲ್ಲಿಗೆ ಹಿಡಿಯುವ ಸರಾಸರಿ ದಿನಗಳು ಸಿಗುತ್ತವೆ. ಕಚೇರಿಯೊಳಗೆ 90 ಬಿಲ್ಲುಗಳಿದ್ದು ದಿನಕ್ಕೆ 15 ಮುಗಿಯುತ್ತಿದ್ದರೆ ಇಂದು ಬಂದವರಿಗೆ ಆರು ದಿನವೆಂದು ಹೇಳಬಹುದು. ಕೌಂಟರಿನಲ್ಲಿರುವವರು ಬೆಳಿಗ್ಗೆ ಒಮ್ಮೆ ಎಣಿಸಿ ಈ ಅಂಕಿಯನ್ನು ಬೋರ್ಡಿನ ಮೇಲೆ ಬರೆದರೆ ಅರ್ಧಕ್ಕರ್ಧ ಫೋನ್ ಕರೆಗಳು ಬೇಕಾಗುವುದಿಲ್ಲ.

ಸಮಯದ ಜೊತೆಗೆ ಗುಣಮಟ್ಟವನ್ನೂ ಅಳೆಯಬೇಕೆಂಬುದಕ್ಕೆ ಔಟ್‌ಟರ್ನ್ ಒಳ್ಳೆಯ ಉದಾಹರಣೆ. 50 ಕಿಲೋ ಚೆರಿಯಿಂದ ಎಷ್ಟು ಕಿಲೋ ಕ್ಲೀನ್ ಕಾಫಿ ಸಿಗುತ್ತದೆಯೋ ಅದೇ ಔಟ್‌ಟರ್ನ್. 26 ಕಿಲೋ ಸಿಕ್ಕರೆ ಔಟ್‌ಟರ್ನ್ 26. ಮಾದರಿ ತೆಗೆಯುವಾಗ ಆದ ಒಂದೇ ಒಂದು ಅಂಕದ ವ್ಯತ್ಯಾಸವು ನೂರು ಚೀಲದ ಲಾಟಿನಲ್ಲಿ ನೂರು ಕಿಲೋ ಕ್ಲೀನ್ ಕಾಫಿಯ ಬೆಲೆಯಷ್ಟಾಗುತ್ತದೆ. ಒಬ್ಬರು ಚೀಲದ ಮೇಲ್ಭಾಗದಿಂದ ಹಿಡಿ ತೆಗೆಯುತ್ತಾರೆ, ಇನ್ನೊಬ್ಬರು ಶೂಲ ಚುಚ್ಚಿ ನಡುವಿನಿಂದ ತೆಗೆಯುತ್ತಾರೆ ಎಂದಾದರೆ ಅಲ್ಲಿ ಹುಟ್ಟುವ ಜಗಳಕ್ಕೆ ಯಾವ ತಂತ್ರಾಂಶವೂ ಪರಿಹಾರವಾಗದು.

ಆರನೆಯ ಹೆಜ್ಜೆ: ಕಾಯುವಿಕೆಯ ಬೇರನ್ನು ಹುಡುಕಿ ದಾರಿಯನ್ನು ತಿದ್ದುವುದು

ಕೆಂಪು ಗುರುತಿನ ಪ್ರತಿಯೊಂದು ಜಾಗದಲ್ಲಿ ನಿಂತು 'ಏಕೆ' ಎಂದು ಕೇಳುತ್ತಾ ಹೋಗಿ. ಹಲವು ಉತ್ತರಗಳು ಎಂದೋ ಸರಿಯಿದ್ದು ಈಗ ಅರ್ಥ ಕಳೆದುಕೊಂಡ ನಿಯಮಗಳಾಗಿರುತ್ತವೆ. ಶನಿವಾರ ಮಧ್ಯಾಹ್ನದ ಮೇಲೆ ಹಣ ವರ್ಗಾವಣೆಯ ಪಟ್ಟಿಯನ್ನು ಮುಟ್ಟುವುದೇ ಇಲ್ಲ, ಸೋಮವಾರ ನೋಡೋಣ ಎಂಬ ಪದ್ಧತಿ ಅಂಥದ್ದು. ನೆಫ್ಟ್ 2019ರ ಡಿಸೆಂಬರಿನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರಿನಿಂದ ಹಗಲಿರುಳೂ ವರ್ಷದ ಎಲ್ಲ ದಿನವೂ ನಡೆಯುತ್ತಿವೆ. ಶಾಖೆಗೆ ಕಾಗದ ಕೊಂಡೊಯ್ಯುವ ಸಂಘಕ್ಕೆ ಬ್ಯಾಂಕಿನ ವೇಳೆ ಇಂದಿಗೂ ಅಡ್ಡಿಯೇ ಸರಿ. ಆದರೆ ಸ್ವತಃ ಆನ್‌ಲೈನ್ ಸೌಲಭ್ಯ ಪಡೆದಿರುವ ಸಂಸ್ಥೆಯೂ ಹಳೆಯ ಅಭ್ಯಾಸದಿಂದ ಸೋಮವಾರಕ್ಕೆ ಕಾಯುತ್ತಿದ್ದರೆ ಆ ಎರಡು ದಿನಗಳನ್ನು ಒಂದು ಸುತ್ತೋಲೆಯಿಂದಲೇ ಉಳಿಸಬಹುದು.

ತಿದ್ದುವಾಗ ಒಂದು ಅನುಕ್ರಮವನ್ನು ಪಾಲಿಸಿದರೆ ಒಳ್ಳೆಯದು. ಮೊದಲು ತೆಗೆದುಹಾಕಲು ಬರುವುದನ್ನು ತೆಗೆದುಹಾಕಿ: ಒಂದೇ ತೂಕವನ್ನು ಮೂರು ರಿಜಿಸ್ಟರಿನಲ್ಲಿ ಬರೆಯುತ್ತಿದ್ದರೆ ಎರಡು ಏಕೆ ಬೇಕೆಂದು ಲೆಕ್ಕಪರಿಶೋಧಕರನ್ನೇ ಕೇಳಿ. ಆಮೇಲೆ ಪರೀಕ್ಷೆಗಳನ್ನು ಸಾಧ್ಯವಾದಷ್ಟು ಹಿಂದಕ್ಕೆ, ಅಂದರೆ ದಾರಿಯ ಆರಂಭಕ್ಕೆ ಸರಿಸಿ. ರೋಬಸ್ಟಾ ಚೆರಿಯ ತೇವಾಂಶ ಶೇಕಡಾ 11ರ ಆಸುಪಾಸಿನಲ್ಲಿರಬೇಕು. ಅದಕ್ಕಿಂತ ಹಸಿಯಾದ ಲಾಟನ್ನು ಚೀಲ ಇಳಿಸಿ, ತೂಕ ಹಾಕಿ, ಗೋದಾಮಿಗೆ ಸೇರಿಸಿದ ಮೇಲೆ ಪತ್ತೆಹಚ್ಚುವುದಕ್ಕಿಂತ ವಾಹನದ ಮೇಲಿರುವಾಗಲೇ ಮೀಟರ್ ಹಿಡಿದು ನೋಡಿದರೆ ಹಮಾಲಿಯ ಎರಡು ಪಟ್ಟು ಖರ್ಚೂ ಉಳಿಯುತ್ತದೆ, ಸದಸ್ಯರೊಂದಿಗಿನ ನಿಷ್ಠುರವೂ ತಪ್ಪುತ್ತದೆ. ಮೂರನೆಯದಾಗಿ, ಒಂದರ ಹಿಂದೊಂದು ನಡೆಯುವ ಕೆಲಸಗಳಲ್ಲಿ ಜೊತೆಯಾಗಿ ನಡೆಯಬಲ್ಲವನ್ನು ಬೇರ್ಪಡಿಸಿ. ಮಾದರಿ ಪರೀಕ್ಷೆ ನಡೆಯುತ್ತಿರುವಾಗಲೇ ಸದಸ್ಯರ ಸಾಲದ ಬಾಕಿಯನ್ನು ತೆಗೆದಿಡಲು ಏನೂ ಅಡ್ಡಿಯಿಲ್ಲ. ಅದಕ್ಕೆ ಬೇಕಾದದ್ದು ಗೇಟಿನಲ್ಲಿ ಪಡೆದ ಸದಸ್ಯತ್ವ ಸಂಖ್ಯೆಯೊಂದೇ.

ಸಹಿಯ ಪ್ರಶ್ನೆ ಸೂಕ್ಷ್ಮವಾದದ್ದು. ಕಾರ್ಯದರ್ಶಿಯವರು ಮಂಗಳವಾರ ಮತ್ತು ಶುಕ್ರವಾರ ಮಾತ್ರ ಒಟ್ಟಾಗಿ ಸಹಿ ಮಾಡುತ್ತಿದ್ದರೆ ಶುಕ್ರವಾರ ಸಂಜೆ ಬಂದ ಬಿಲ್ಲು ನಾಲ್ಕು ದಿನ ಮಲಗಿರುತ್ತದೆ. ಇದಕ್ಕೆ ಎರಡು ಬಗೆಯ ಪರಿಹಾರಗಳಿವೆ: ಪ್ರತಿದಿನ ನಿಗದಿತ ಅರ್ಧ ಗಂಟೆಯನ್ನು ಸಹಿಗೆ ಮೀಸಲಿಡುವುದು, ಅಥವಾ ಇಂತಿಷ್ಟು ಮೊತ್ತದೊಳಗಿನ, ಔಟ್‌ಟರ್ನ್ ಸಾಮಾನ್ಯ ಮಿತಿಯೊಳಗಿರುವ ಬಿಲ್ಲುಗಳನ್ನು ಕಾರ್ಯದರ್ಶಿಯವರ ಕೆಳಗಿನ ಹಂತದ ಅಧಿಕಾರಿ ದಾಟಿಸಿ, ಅಸಾಮಾನ್ಯವಾದವು ಮಾತ್ರ ಮೇಲಕ್ಕೆ ಹೋಗುವಂತೆ ಮಾಡುವುದು. ಎರಡನೆಯದಕ್ಕೆ ಬೈಲಾ ಮತ್ತು ಮಂಡಳಿಯ ಠರಾವು ಎರಡೂ ಬೆಂಬಲವಾಗಿರಬೇಕು. ಬಿಲ್ಲು ಬರೆದವರೇ ಅದನ್ನು ಪರಿಶೀಲಿಸಿ ಹಣವನ್ನೂ ಬಿಡುಗಡೆ ಮಾಡುವಂತಹ ಜೋಡಣೆ ಮಾತ್ರ ಎಂದಿಗೂ ಕೂಡದು; ವೇಗದ ಆಸೆಗೆ ಆ ಗೋಡೆಯನ್ನು ಒಡೆದರೆ ಮುಂದೆ ಲೆಕ್ಕಪರಿಶೋಧನೆಯಲ್ಲಿ ತೆರಬೇಕಾದ ಬೆಲೆ ದೊಡ್ಡದು.

ಮಾದರಿಯ ವಿಚಾರದಲ್ಲಿ ನನ್ನ ಸಲಹೆ ಇಷ್ಟು: ಸದಸ್ಯರ ಎದುರಿಗೇ ಮಾದರಿಯನ್ನು ಮೂರು ಪಾಲು ಮಾಡಿ, ಒಂದನ್ನು ಪರೀಕ್ಷೆಗೆ, ಒಂದನ್ನು ಅವರ ಕೈಗೆ, ಇನ್ನೊಂದನ್ನು ಮೊಹರು ಹಾಕಿ ಕಪಾಟಿಗೆ ಸೇರಿಸಿ. ಇದರಿಂದ ಐದು ನಿಮಿಷ ಹೆಚ್ಚಾಗುತ್ತದೆ ನಿಜ. ಆದರೂ ಮೂರು ದಿನಗಳ ವಾದವಿವಾದಕ್ಕಿಂತ ಐದು ನಿಮಿಷ ಅಗ್ಗ.

ಏಳನೆಯ ಹೆಜ್ಜೆ: ಪ್ರಯೋಗ, ಮತ್ತು ಅದಕ್ಕೆ ತಕ್ಕ ಕಾಲ

ಹೊರಗಿನಿಂದ ಬಂದ ಸಲಹೆಗಾರರು ಸಾಮಾನ್ಯವಾಗಿ ಎಡವುವುದು ಇಲ್ಲಿ. ಹಣಕಾಸು ವರ್ಷದ ಆರಂಭಕ್ಕೆ ಹೊಸ ವ್ಯವಸ್ಥೆ ಎಂಬ ಅವರ ಲೆಕ್ಕಾಚಾರ ಕಾಫಿಯ ನಾಡಿಗೆ ಹೊಂದುವುದಿಲ್ಲ. ಇಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ. ಗೋದಾಮು ಖಾಲಿಯಾಗಿ ಸಿಬ್ಬಂದಿಗೆ ಬಿಡುವು ಇರುತ್ತದೆ, ಆಗ ಹಳೆಯ ಬಿಲ್ಲುಗಳನ್ನು ತೆಗೆದು ಲೆಕ್ಕ ಹಾಕಲು, ಹೊಸ ದಾರಿಯ ಬಗ್ಗೆ ಕುಳಿತು ಮಾತನಾಡಲು ಸಾಧ್ಯ. ಆದರೆ ಲಾಟಿನ ಹಿಂದೆ ನಡೆಯುವ ಮೂರನೆಯ ಹೆಜ್ಜೆಯನ್ನು ಮಾತ್ರ ಹಿಂದಿನ ಕೊಯ್ಲಿನ ಕಾಲದಲ್ಲಿಯೇ ಮುಗಿಸಿರಬೇಕು, ಮಳೆಗಾಲದಲ್ಲಿ ಹಿಂಬಾಲಿಸಲು ಲಾಟುಗಳೇ ಇರುವುದಿಲ್ಲ. ಸೆಪ್ಟೆಂಬರಿನ ಕೈಲ್ ಮುಹೂರ್ತದ ಹಬ್ಬದ ಹೊತ್ತಿಗೆ ಹೊಸ ಚಿತ್ರ ಮಂಡಳಿಯ ಮುಂದೆ ಬರಲಿ, ಅಕ್ಟೋಬರಿನ ಕಾವೇರಿ ಸಂಕ್ರಮಣ ಕಳೆಯುವಷ್ಟರಲ್ಲಿ ನಮೂನೆಗಳು ಅಚ್ಚಾಗಿ ತರಬೇತಿ ಮುಗಿಯಲಿ.

ಪ್ರಯೋಗಕ್ಕೆ ಪ್ರಕೃತಿಯೇ ಒಂದು ಅನುಕೂಲ ಒದಗಿಸಿದೆ. ಅರೇಬಿಕಾ ನವೆಂಬರ್, ಡಿಸೆಂಬರಿನಲ್ಲಿ ಮೊದಲು ಬರುತ್ತದೆ. ರೋಬಸ್ಟಾದ ನೂಕುನುಗ್ಗಲು ಶುರುವಾಗುವುದು ಅದರ ನಂತರ. ಸುಗ್ಗಿಯ ಹಬ್ಬವಾದ ಪುತ್ತರಿಯ ಆಚೀಚೆ ಬರುವ ಅರೇಬಿಕಾ ಪಾರ್ಚ್‌ಮೆಂಟಿನ (ಹಣ್ಣಿನ ತಿರುಳು ತೆಗೆದು ಒಣಗಿಸಿದ ಕಾಫಿಯ) ಲಾಟುಗಳನ್ನು ಹೊಸ ದಾರಿಯಲ್ಲಿ ಕಳುಹಿಸಿ ನೋಡಿದರೆ ತಪ್ಪುಗಳು ಕಡಿಮೆ ಒತ್ತಡದಲ್ಲಿ ಹೊರಬೀಳುತ್ತವೆ. ಹಳೆಯ ಮತ್ತು ಹೊಸ ಪದ್ಧತಿಗಳನ್ನು ಎರಡು ವಾರಕ್ಕಿಂತ ಹೆಚ್ಚು ಕಾಲ ಜೊತೆಯಾಗಿ ನಡೆಸಬೇಡಿ. ಎರಡು ದೋಣಿಯಲ್ಲಿ ಕಾಲಿಟ್ಟ ಗುಮಾಸ್ತರು ಕೊನೆಗೆ ಹಳೆಯದಕ್ಕೇ ಹಾರುತ್ತಾರೆ. ರೋಬಸ್ಟಾ ಉತ್ತುಂಗದಲ್ಲಿರುವಾಗ ಹೊಸದಾಗಿ ಏನನ್ನೂ ಬದಲಿಸಬಾರದೆಂಬುದನ್ನು ನಿಯಮವಾಗಿಯೇ ಬರೆದಿಡಿ.

ಎಂಟನೆಯ ಹೆಜ್ಜೆ: ತಂತ್ರಾಂಶ

ದಾರಿ ನೆಟ್ಟಗಾದ ಮೇಲೆ ಯಾವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬೇಕೆಂಬುದು ತಾನಾಗಿಯೇ ಕಾಣುತ್ತದೆ. ಚಿಕ್ಕ ಸಂಸ್ಥೆಗೆ ಒಂದು ಎಕ್ಸೆಲ್ ಹಾಳೆ ಮತ್ತು ಟೋಕನ್ ಸಂಖ್ಯೆ ಸಾಕಾಗಬಹುದು. ದೊಡ್ಡ ಕ್ಯೂರಿಂಗ್ ಘಟಕವು ಕಮುಂಡಾ, ಬೊನಿಟಾದಂತಹ, ಪ್ರಕ್ರಿಯೆಯನ್ನು ನಡೆಸುವ ತಂತ್ರಾಂಶಗಳನ್ನು ಪರಿಶೀಲಿಸಬಹುದು. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರವು 2022ರಲ್ಲಿ 63,000 ಸಂಘಗಳನ್ನು ಗುರಿಯಾಗಿಟ್ಟು 2,516 ಕೋಟಿ ರೂಪಾಯಿಯ ಯೋಜನೆಯನ್ನು ಮಂಜೂರು ಮಾಡಿದೆ. ಅಂತಹ ಸಾಮಾನ್ಯ ತಂತ್ರಾಂಶದೊಳಗಿನ ಕ್ರಮವನ್ನು ಒಂದು ಸಂಘ ತನಗೆ ಬೇಕಾದಂತೆ ತಿರುಚಲಾಗದು. ಆದ್ದರಿಂದ ನಿಮ್ಮ ಚಿತ್ರದಲ್ಲಿ ಅದನ್ನು ಒಂದು ಸ್ಥಿರವಾದ ಆಯತವೆಂದು ಇಟ್ಟುಕೊಂಡು ಅದರ ಹಿಂದೆ ಮುಂದೆ ಇರುವುದನ್ನು ತಿದ್ದಿ.

ಯಾವ ಸಾಧನವನ್ನು ಆರಿಸಿದರೂ ಕೊಡಗಿನ ಮಟ್ಟಿಗೆ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಕರೆಂಟು ಮತ್ತು ನೆಟ್‌ವರ್ಕ್ ಎರಡೂ ಇಲ್ಲದ ದಿನ ಕೆಲಸ ಹೇಗೆ ಮುಂದುವರಿಯುತ್ತದೆ? ಆ ಗುಮಾಸ್ತರ ನೋಟುಪುಸ್ತಕವನ್ನು ನಿಷೇಧಿಸುವುದು ಸುಲಭ, ಅದು ಮೇಜಿನ ಒಳಗೆ ಸೇರಿಕೊಳ್ಳುವುದೂ ಅಷ್ಟೇ ಸುಲಭ. ಬದಲಾಗಿ ಅದನ್ನೇ ಪುಟಸಂಖ್ಯೆ ಅಚ್ಚಾದ, ಕಾರ್ಬನ್ ಪ್ರತಿಯುಳ್ಳ ಅಧಿಕೃತ ಪುಸ್ತಕವನ್ನಾಗಿ ಮಾಡಿ, ಎಷ್ಟು ಗಂಟೆಯೊಳಗೆ ಕಂಪ್ಯೂಟರಿಗೆ ಏರಿಸಬೇಕೆಂದು ಗೊತ್ತುಪಡಿಸಿದೆವು. ಅದೇ ಅತ್ಯಂತ ಅಗ್ಗದ ಮತ್ತು ಹೆಚ್ಚು ಬಾಳಿಕೆ ಬಂದ ಸುಧಾರಣೆಯಾಯಿತು.

ಜನರ ವಿಚಾರ

ಪ್ರಕ್ರಿಯೆಯನ್ನು ಬರೆದಿಡುವುದೆಂದರೆ ಒಬ್ಬರ ತಲೆಯಲ್ಲಿದ್ದ ಜ್ಞಾನವನ್ನು ಎಲ್ಲರ ಕಣ್ಣಿಗೆ ಬೀಳುವ ಕಡೆ ಇಡುವುದು. ಇಪ್ಪತ್ತು ವರ್ಷ ಔಟ್‌ಟರ್ನ್ ನೋಡಿದವರಿಗೆ ಇದು ತಮ್ಮ ಬೆಲೆ ಇಳಿಸುವ ಹುನ್ನಾರದಂತೆ ಕಂಡರೆ ಆಶ್ಚರ್ಯವಿಲ್ಲ. ಮಾದರಿ ತೆಗೆಯುವ ಕ್ರಮವನ್ನು ಬರೆಯುವ ಕೆಲಸವನ್ನು ಅವರಿಗೇ ಒಪ್ಪಿಸಿ, ಹಾಳೆಯ ಕೆಳಗೆ ಅವರ ಹೆಸರು ಇರಲಿ. ಅಳತೆಯ ಅಂಕಿಗಳನ್ನು ಸಂಬಳಕ್ಕೋ ಬೋನಸ್ಸಿಗೋ ಜೋಡಿಸಬೇಡಿ: ಜೋಡಿಸಿದ ಮರುದಿನದಿಂದ ಚೀಟಿಯ ಮೇಲಿನ ವೇಳೆಗಳು ಸುಂದರವಾಗುತ್ತವೆ, ಬಿಲ್ಲುಗಳು ಇದ್ದಲ್ಲೇ ಇರುತ್ತವೆ.

ಸಿಗುವ ಲಾಭಗಳು, ಸಿಗದಿರುವವು

ಮೊದಲ ಹಂಗಾಮಿನಲ್ಲೇ ಕಾಣುವುದು ಕಾಯುವ ದಿನಗಳ ಇಳಿಕೆ ಮತ್ತು ಕೌಂಟರಿನ ಶಾಂತಿ. ಎರಡನೆಯ ವರ್ಷದಲ್ಲಿ, ಹೊಸ ಸಿಬ್ಬಂದಿ ಬಂದಾಗ ಅವರಿಗೆ ಕೆಲಸ ಕಲಿಸಲು ಹಿಡಿಯುವ ಸಮಯ ಕಡಿಮೆಯಾದದ್ದು ಗಮನಕ್ಕೆ ಬರುತ್ತದೆ. ಲೆಕ್ಕಪರಿಶೋಧನೆಯ ಆಕ್ಷೇಪಗಳೂ ತಗ್ಗುತ್ತವೆ, ಏಕೆಂದರೆ ಯಾವ ಕಾಗದ ಯಾವಾಗ ಯಾರ ಕೈಯಲ್ಲಿತ್ತೆಂಬುದಕ್ಕೆ ಗುರುತು ಇರುತ್ತದೆ.

ಕಾಫಿಯ ಮಟ್ಟಿಗೆ ಈ ಗುರುತಿಗೆ ಇನ್ನೊಂದು ಬೆಲೆಯೂ ಬಂದಿದೆ. ಭಾರತದ ಕಾಫಿಯ ಹೆಚ್ಚಿನ ಪಾಲು ರಫ್ತಾಗುತ್ತದೆ, ಅದರಲ್ಲಿ ದೊಡ್ಡ ಭಾಗ ಯುರೋಪಿಗೆ ಹೋಗುತ್ತದೆ. ಅರಣ್ಯನಾಶಕ್ಕೆ ಸಂಬಂಧಿಸಿದಂತೆ ಐರೋಪ್ಯ ಒಕ್ಕೂಟ 2023ರಲ್ಲಿ ಅಂಗೀಕರಿಸಿದ ನಿಯಮವು ಕಾಫಿ ಬೆಳೆದ ಜಮೀನಿನ ಭೌಗೋಳಿಕ ನೆಲೆಯವರೆಗೆ ಜಾಡು ತೋರಿಸಬೇಕೆನ್ನುತ್ತದೆ. ಅದರ ಜಾರಿ ಮುಂದೂಡುತ್ತಾ ಬಂದಿದ್ದರೂ ಖರೀದಿದಾರರ ಪ್ರಶ್ನೆಗಳು ಆಗಲೇ ಬರತೊಡಗಿವೆ. ಗೇಟಿನಲ್ಲಿ ಕೊಟ್ಟ ಒಂದು ಟೋಕನ್ ಸಂಖ್ಯೆ ಗೋದಾಮಿನ ಲಾಟಿನವರೆಗೂ ಕಳಚಿಕೊಳ್ಳದೆ ಉಳಿದರೆ, ಆ ಕೇಳಿಕೆಗೆ ಬೇಕಾದ ಅರ್ಧ ಕೆಲಸ ಮುಗಿದಂತೆ. ನೂರಾರು ಸಣ್ಣ ಬೆಳೆಗಾರರ ಚೆರಿಯನ್ನು ಒಂದೇ ರಾಶಿಗೆ ಸುರಿಯುವ ಕೇಂದ್ರಗಳಿಗೆ ಇದು ನಿಜವಾಗಿಯೂ ಕಷ್ಟದ ಬದಲಾವಣೆ.

ಸಿಬ್ಬಂದಿ ಕಡಿತವನ್ನು ಲಾಭವೆಂದು ಎಣಿಸಿ ಹೊರಟವರಿಗೆ ನಿರಾಸೆ ಕಾದಿದೆ. ಮೇಲಿನ ಲೆಕ್ಕದಲ್ಲಿ ಕಂಡಂತೆ ಉಳಿತಾಯವಾಗುವುದು ಕಾಯುವಿಕೆಯಲ್ಲಿ. ಕೈಕೆಲಸ ಮೊದಲಿನಷ್ಟೇ ಇರುತ್ತದೆ. ಕಾಫಿ ದರದ ಏರಿಳಿತವನ್ನೂ ಇದು ತಡೆಯದು, ಮಳೆ ತಪ್ಪಿ ಹೂವು ಉದುರಿದರೆ ಬಿಲ್ಲಿನ ವೇಗದಿಂದ ಯಾರಿಗೂ ಸಮಾಧಾನವಾಗದು.

ಹೋಂಸ್ಟೇ ನಡೆಸುವವರು ಇದೇ ಕ್ರಮವನ್ನು ಬುಕಿಂಗಿನಿಂದ ಅತಿಥಿ ಹೊರಡುವವರೆಗಿನ ದಾರಿಗೆ ಅನ್ವಯಿಸಬಹುದು. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಸಲ್ಲಿಸಬೇಕೆಂಬ ನಿಯಮವನ್ನು ಮಾಲೀಕರು ನೆನಪಿನಲ್ಲಿಟ್ಟುಕೊಂಡರೆ ಸಾಲದು. ಮಾಲೀಕರು ಮದುವೆಗೆ ಹೋದ ದಿನವೂ ಅದು ನಡೆಯುವಂತೆ ಪಾಸ್‌ಪೋರ್ಟಿನ ವಿವರ ಪಡೆಯುವ ಕೆಲಸವನ್ನು ಕೋಣೆಯ ಕೀಲಿ ಕೊಡುವುದಕ್ಕಿಂತ ಮೊದಲಿನ ಆಯತವಾಗಿ ಬರೆಯಬೇಕು. ಆಸ್ಪತ್ರೆಗಾದರೆ ಬಿಡುಗಡೆಯ ದಿನದ ಬಿಲ್ಲಿನಿಂದ ಆರಂಭಿಸುವುದು ಲೇಸು.

ಕೊನೆಯ ಹೆಜ್ಜೆ: ಚಿತ್ರವನ್ನು ಹಳತಾಗಲು ಬಿಡದಿರುವುದು

ಹಂಗಾಮಿನಲ್ಲಿ ತಿಂಗಳಿಗೊಮ್ಮೆ ಅರ್ಧ ಗಂಟೆ, ಗೋಡೆಯ ಚಿತ್ರದ ಮುಂದೆ ನಿಂತುಕೊಂಡೇ ಸಭೆ ನಡೆಸಿ. ಎಷ್ಟು ಬಿಲ್ಲು ಸಾಲಿನಲ್ಲಿದೆ, ಎಷ್ಟು ಹಿಂದಕ್ಕೆ ಬಂತು, ಯಾವ ಬಾಣದ ಬಳಿ ಹೆಚ್ಚು ಕಾಯಬೇಕಾಯಿತು ಎಂಬ ಮೂರೇ ಪ್ರಶ್ನೆಗಳಿರಲಿ. ಸಭೆ ಕುಳಿತರೆ ಚಹಾ ಬರುತ್ತದೆ, ಚಹಾ ಬಂದರೆ ಕಾಫಿ ದರದ ಮಾತು ಬರುತ್ತದೆ. ಚಿತ್ರದ ಮೂಲೆಯಲ್ಲಿ ಅದನ್ನು ತಿದ್ದಿದ ದಿನಾಂಕವನ್ನು ಬರೆಯಿರಿ. ಆ ದಿನಾಂಕ ಒಂದು ವರ್ಷಕ್ಕಿಂತ ಹಳೆಯದಾಗಿದ್ದರೆ ಚಿತ್ರ ಒಂದು ಕಡೆಗೂ ಕೆಲಸ ಇನ್ನೊಂದು ಕಡೆಗೂ ಸಾಗಿರುವ ಸಂಭವವೇ ಹೆಚ್ಚು. ಆಗ ಮತ್ತೊಮ್ಮೆ ಗೇಟಿನ ಬಳಿ ನಿಂತು, ಒಳಬರುವ ಮೊದಲ ಪಿಕಪ್‌ಗೆ ಒಂದು ಉದ್ದನೆಯ ಚೀಟಿಯನ್ನು ಪಿನ್ನು ಹಾಕಿ ಕಳುಹಿಸಿ.